ಕ್ಲಬ್ಬಿನ ‘ರತ್ನ’ ಯಾರು? ಹುಟ್ಟಿದೂರು ಲೆಕ್ಕಕ್ಕಿಲ್ಲ, ಆಡಿದ ಆಟವೇ ಗುರುತು

ಜುಲೈ 29 ಹತ್ತಿರ ಬಂತೆಂದರೆ ಸಾಕು, ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಅಭಿಮಾನಿಗಳ ಬಾಯಲ್ಲಿ ಒಂದೇ ಪ್ರಶ್ನೆ: ಈ ಸಲದ ‘ರತ್ನ’ ಯಾರು? 1889ರಲ್ಲಿ ಹುಟ್ಟಿದ ಈ ಕ್ಲಬ್ಬು 2001ರಿಂದ ‘ಮೋಹನ್ ಬಾಗಾನ್ ರತ್ನ’ ಎಂಬ ಗೌರವ ಕೊಡುತ್ತ ಬಂದಿದೆ. ಕ್ಲಬ್ಬಿನ ಪಾಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಜುಲೈ 29ನ್ನೇ ಆರಿಸಿಕೊಳ್ಳಲು ಕಾರಣವಿದೆ. 1911ರ ಅದೇ ದಿನ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಬ್ರಿಟಿಷರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ತಂಡವನ್ನು 2-1 ಗೋಲುಗಳಿಂದ ಸೋಲಿಸಿತ್ತು. ಒಬ್ಬರನ್ನು ಬಿಟ್ಟರೆ ಉಳಿದ ಹತ್ತೂ ಜನ ಬರಿಗಾಲಲ್ಲಿ ಆಡಿದ್ದರು. ಮೊದಲು ಗೋಲು ಬಿಟ್ಟುಕೊಟ್ಟರೂ ಶಿಬದಾಸ್ ಭಾದುರಿ ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದರು. ಆ ಹನ್ನೊಂದು ಜನರನ್ನು ಬಂಗಾಳಿಗಳು ಇಂದಿಗೂ ‘ಅಮರ ಹನ್ನೊಂದು’ ಅಂತಲೇ ಕರೆಯುತ್ತಾರೆ.

ನೂರು ವರ್ಷಕ್ಕೂ ಮೇಲ್ಪಟ್ಟ ಕ್ಲಬ್ಬಿನಲ್ಲಿ ಆಡಿದವರು ನೂರಾರು ಜನ. ಅವರಲ್ಲಿ ‘ಮಹನೀಯರು’ ಅಂತ ಯಾರನ್ನು ಆರಿಸಬೇಕು? ಹೆಚ್ಚು ಗೋಲು ಹೊಡೆದವನನ್ನಾ, ಹೆಚ್ಚು ವರ್ಷ ಇದ್ದವನನ್ನಾ, ನಮ್ಮೂರಲ್ಲಿ ಹುಟ್ಟಿದವನನ್ನಾ? ಇಲ್ಲಿಯವರೆಗಿನ ಕೆಲವು ಹೆಸರು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲೆರಡು ಹೆಸರು

2001ರಲ್ಲಿ ಮೊದಲ ರತ್ನವಾದವರು ಶೈಲೇನ್ ಮನ್ನಾ. 1942ರಿಂದ 1960ರವರೆಗೆ ಒಂದೇ ಕ್ಲಬ್ಬು, ಒಂದೇ ಅಂಗಿ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ನಾಯಕರಾಗಿದ್ದವರೂ ಇವರೇ. ಡಿಫೆಂಡರ್ ಆಟಗಾರ, ಗೋಲು ಹೊಡೆದದ್ದಕ್ಕಿಂತ ತಡೆದದ್ದೇ ಹೆಚ್ಚು. ಹೀಗೆ ಮೊದಲ ಹೆಸರಿನಲ್ಲೇ ಕ್ಲಬ್ಬು ಹೇಳಿದ್ದು, ಗೋಲಿನ ಲೆಕ್ಕವೊಂದೇ ಲೆಕ್ಕವಲ್ಲ ಅಂತ.

2002ರಲ್ಲಿ ಬಂದ ಹೆಸರು ಡಾ. ಟಿ. ಆವೊ. ಇವರು ಬಂಗಾಳಿ ಅಲ್ಲ, ನಾಗಾ ಬೆಟ್ಟದ ಹುಡುಗ. ಡಾಕ್ಟರಿಕೆ ಓದುತ್ತ ಮೋಹನ್ ಬಾಗಾನ್ ಪರ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡಕ್ಕೆ ನಾಯಕರಾದರು. ಆಮೇಲೆ ಆಟ ಬಿಟ್ಟು ತಮ್ಮ ನಾಡಿಗೆ ಮರಳಿ ವೈದ್ಯರಾಗಿ ದುಡಿದರು. ಆದರೆ ‘ರತ್ನ’ ಸಿಗುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇದೊಂದೇ ಉದಾಹರಣೆ ಅಲ್ಲ. 1977ರಲ್ಲಿ ಪೆಲೆ ಅವರ ಕಾಸ್ಮೋಸ್ ತಂಡ ಈಡನ್ ಗಾರ್ಡನ್ಸ್‌ಗೆ ಬಂದಾಗ ಮೋಹನ್ ಬಾಗಾನ್ 2-2 ಸಮ ಮಾಡಿಕೊಂಡಿತು. ಅಂದು ಗೋಲಿನ ಮುಂದೆ ನಿಂತಿದ್ದವರು ಶಿವಾಜಿ ಬ್ಯಾನರ್ಜಿ. ಅವರು 2017ರಲ್ಲಿ ತೀರಿಕೊಂಡರು. ಗೌರವ ಬಂದದ್ದು 2021ರಲ್ಲಿ. ಗೋಲ್‌ಕೀಪರನ ನೆನಪು ಆಗೋದು ಕಡೆಗೇ ಎಂಬ ಮಾತು ಇಲ್ಲೂ ಸುಳ್ಳಾಗಲಿಲ್ಲ.

ಎದುರು ಪಾಳಯದಿಂದ ಬಂದವರು

ಮೋಹನ್ ಬಾಗಾನ್‌ಗೆ ಹುಟ್ಟಾ ಎದುರಾಳಿ ಅಂದರೆ ಈಸ್ಟ್ ಬೆಂಗಾಲ್. 1920ರ ಆಗಸ್ಟ್ 1ರಂದು ಸ್ಥಾಪನೆಯಾದ ಈ ಕ್ಲಬ್ಬಿಗೆ ಪೂರ್ವ ಬಂಗಾಳದಿಂದ ಬಂದವರೇ ಬೆನ್ನೆಲುಬು. 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಈ ಕ್ಲಬ್ಬು ಬಿಟ್ಟುಬಂದ ಊರಿನ ಹೆಸರಿದ್ದಂತೆ. ಆದ್ದರಿಂದ ಈ ಎರಡು ತಂಡಗಳ ಪಂದ್ಯ ಬರೀ ಆಟವಲ್ಲ. ಇಲ್ಲಿಯವರು, ಅಲ್ಲಿಂದ ಬಂದವರು ಎಂಬ ಲೆಕ್ಕಾಚಾರವೂ ಅದರಲ್ಲಿ ಸೇರಿಕೊಂಡಿತ್ತು.

ಆದರೆ ಮಹನೀಯರ ಪಟ್ಟಿ ಮಾಡಲು ಕೂತರೆ ಈ ಗೆರೆ ಅಳಿಸಿಹೋಗುತ್ತದೆ. 1905ರ ವಂಗಭಂಗದ ಬಿಸಿ ಆರುವ ಮೊದಲೇ ಗೆದ್ದ ‘ಅಮರ ಹನ್ನೊಂದ’ರಲ್ಲಿ ಹಲವರು ಪೂರ್ವ ಬಂಗಾಳ ಮೂಲದವರು. ‘ಚೀನಾ ಗೋಡೆ’ ಅಂತ ಹೆಸರಾದ, 1962ರಲ್ಲಿ ಪದ್ಮಶ್ರೀ ಪಡೆದ ಗೋಷ್ಠ ಪಾಲ್ ಹುಟ್ಟಿದ್ದು ಈಗಿನ ಬಾಂಗ್ಲಾದೇಶದ ಫರೀದಪುರ ಸೀಮೆಯಲ್ಲಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕ ಚುನಿ ಗೋಸ್ವಾಮಿ ಹುಟ್ಟಿದ್ದೂ ಗಡಿಯಾಚೆಯ ಕಿಶೋರ್‌ಗಂಜ್‌ನಲ್ಲೇ. ಆದರೂ ಅವರು ಮೋಹನ್ ಬಾಗಾನ್ ಬಿಟ್ಟು ಬೇರೆ ಕ್ಲಬ್ಬಿನ ಮುಖ ನೋಡಲಿಲ್ಲ. 2023ರಲ್ಲಿ ಕ್ಲಬ್ಬಿನ ಹೆಬ್ಬಾಗಿಲಿಗೆ ಅವರ ಹೆಸರಿಟ್ಟಾಗ ಅದನ್ನು ಉದ್ಘಾಟಿಸಿದವರು ಮುಂಬೈಯ ಸುನಿಲ್ ಗಾವಸ್ಕರ್.

ಇನ್ನೂ ವಿಶೇಷ ಅಂದರೆ ಶ್ಯಾಮ್ ಥಾಪಾ ಅವರದ್ದು. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5-0 ಗೋಲುಗಳಿಂದ ಮೋಹನ್ ಬಾಗಾನನ್ನು ಮಣ್ಣುಮುಕ್ಕಿಸಿತು. ಆ ಐದರಲ್ಲಿ ಎರಡು ಗೋಲು ಥಾಪಾ ಹೊಡೆದದ್ದು. ಎರಡು ವರ್ಷಕ್ಕೆ ಅವರೇ ಮೋಹನ್ ಬಾಗಾನ್ ಅಂಗಿ ತೊಟ್ಟರು, ಕಾಸ್ಮೋಸ್ ವಿರುದ್ಧ ಗೋಲು ಹೊಡೆದರು. 1978ರಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಅವರು ಹೊಡೆದ ಬೈಸಿಕಲ್ ಕಿಕ್ ಗೋಲನ್ನು ಹಳಬರು ಇನ್ನೂ ಮರೆತಿಲ್ಲ. 2022ರಲ್ಲಿ ಅವರಿಗೆ ‘ರತ್ನ’ ಕೊಡುವಾಗ ಕ್ಲಬ್ಬು ಹಳೇ ಗಾಯ ಕೆದಕಿ ಕೂರಲಿಲ್ಲ. ನಮಗಾಗಿ ಏನು ಮಾಡಿದ ಎಂಬುದನ್ನಷ್ಟೇ ನೋಡಿತು.

ಆಡದವರಿಗೂ ಜಾಗ ಇದೆಯಾ?

ಪಟ್ಟಿ ಅಂದಮೇಲೆ ತಕರಾರು ಇದ್ದದ್ದೇ. 2019ರಲ್ಲಿ ಹಾಕಿ ಆಟಗಾರ ಕೇಶವ್ ದತ್ ಅವರಿಗೆ ಗೌರವ ಸಂದಿತು. ಎರಡು ಒಲಿಂಪಿಕ್ ಚಿನ್ನ ಗೆದ್ದ ಅವರು ಮೋಹನ್ ಬಾಗಾನ್ ಹಾಕಿ ತಂಡದಲ್ಲಿ ಆಡಿದವರು. 2024ರಲ್ಲಿ ಕ್ರಿಕೆಟಿಗ ಸೌರವ್ ಗಂಗೂಲಿ, 2025ರಲ್ಲಿ ಬಹುಕಾಲ ಕ್ಲಬ್ಬಿನ ಆಡಳಿತ ನೋಡಿಕೊಂಡ ಸ್ವಪನ್ ಸಾಧನ್ ಬೋಸ್ ಆಯ್ಕೆಯಾದರು. ಕಾಲಿಗೆ ಚೆಂಡು ತಾಗಿಸಿ ಹೆಸರು ಮಾಡದವರಿಗೆ ಫುಟ್‌ಬಾಲ್ ಕ್ಲಬ್ಬಿನ ದೊಡ್ಡ ಗೌರವ ಯಾಕೆ ಅಂತ ಕೇಳುವುದು ಸಹಜ. ಕ್ಲಬ್ಬು ಅಂದರೆ ಹನ್ನೊಂದು ಜನ ಮಾತ್ರವಲ್ಲ, ಅದನ್ನು ನಡೆಸಿದವರೂ ಸೇರಿ ಅನ್ನುವುದೂ ನ್ಯಾಯವೇ. ಆದರೆ ಆಟಗಾರರನ್ನು ಒಂದು ತಕ್ಕಡಿಯಲ್ಲಿ, ಆಡಳಿತದವರನ್ನು ಇನ್ನೊಂದರಲ್ಲಿ ತೂಗಿದರೆ ಜಗಳ ಕಡಿಮೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಬಡ ಆಟಗಾರನೇ ಹಗುರಾಗುವ ಭಯ.

ಬೆಂಗಳೂರಿನ ಹುಡುಗ, ಬಂಗಾಳದ ಪಾಂಡವ

ಕನ್ನಡ ಓದುಗರು ಅಗತ್ಯವಾಗಿ ತಿಳಿಯಬೇಕಾದ ಕಥೆ ಈಸ್ಟ್ ಬೆಂಗಾಲ್‌ನದ್ದು. ಆ ಕ್ಲಬ್ಬಿನ ಮಹನೀಯರು ಯಾರೆಂದರೆ ಹಳಬರು ಮೊದಲು ಎಣಿಸುವುದು ‘ಪಂಚ ಪಾಂಡವ’ರನ್ನು: ಅಹ್ಮದ್ ಖಾನ್, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ. ಐವರೂ ದಕ್ಷಿಣದವರು. ಸಾಲೆ ಕೇರಳದವರು, ಅಪ್ಪಾರಾವ್ ಆಂಧ್ರದವರು, ಅಹ್ಮದ್ ಖಾನ್ ಬೆಂಗಳೂರಿನವರು. ಒಬ್ಬರಿಗೂ ಬಂಗಾಳಿ ಮನೆಮಾತಲ್ಲ.

ಈ ಐವರು ಕೂಡಿದ ಮೇಲೆ ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಎತ್ತಿತು. 1949, 1950 ಮತ್ತು 1952ರಲ್ಲಿ ಕಲ್ಕತ್ತಾ ಲೀಗ್, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ ಅವರದಾಯಿತು. ಮನೆ ಬಿಟ್ಟು ಬಂದು ಡೇರೆಗಳಲ್ಲಿ, ರೈಲ್ವೆ ಸ್ಟೇಷನ್‌ಗಳಲ್ಲಿ ದಿನ ದೂಡುತ್ತಿದ್ದ ನಿರಾಶ್ರಿತರಿಗೆ ಆ ದಿನಗಳಲ್ಲಿ ತಲೆ ಎತ್ತಿ ನಡೆಯಲು ಸಿಕ್ಕ ಒಂದೇ ಕಾರಣ ಈ ಗೆಲುವು. ಅದನ್ನು ತಂದುಕೊಟ್ಟವರು ಅವರ ಭಾಷೆ ಬಾರದ ಹುಡುಗರು.

ಅಹ್ಮದ್ ಖಾನ್ ಬರಿಗಾಲಲ್ಲಿ ಚೆಂಡನ್ನು ಆಡಿಸುವ ಪರಿ ನೋಡಿ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದಿತ್ತು. 1948 ಮತ್ತು 1952ರ ಒಲಿಂಪಿಕ್ಸ್ ಎರಡರಲ್ಲೂ ಆಡಿದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1-10ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಇವರೇ. ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲ್‌ಗೆ ಆಡಿ ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್‌ನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿದರೆ ಕೋಲ್ಕತ್ತದಲ್ಲಿ ಕೈಮುಗಿಯುವವರಿದ್ದಾರೆ. ತವರಲ್ಲಿ ‘ಯಾರು ಅವರು?’ ಅನ್ನೋರೇ ಹೆಚ್ಚು.

ಇಂಥದ್ದೇ ಇನ್ನೊಂದು ಬದುಕು ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಅವರದ್ದು. 1962ರ ಏಷ್ಯನ್ ಚಿನ್ನದ ತಂಡದಲ್ಲಿದ್ದರು, ಈಸ್ಟ್ ಬೆಂಗಾಲ್ ನಾಯಕರಾಗಿದ್ದರು. ಅನಾರೋಗ್ಯದಿಂದ ಇಪ್ಪತ್ತೇಳರ ಆಸುಪಾಸಿನಲ್ಲೇ ಆಟ ಬಿಡಬೇಕಾಯಿತು. ಆದರೂ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲೇ ನೆಲೆ ನಿಂತು, 2023ರಲ್ಲಿ ಬಂಗಾಳದ ಮಣ್ಣಲ್ಲೇ ಕಣ್ಣು ಮುಚ್ಚಿದರು.

ಗಡಿಯವರು ಯಾರ ಪಟ್ಟಿಯಲ್ಲಿ?

ಗಡಿಯಾಚೆಯ ಕನ್ನಡ ಮನೆಗಳಿಗೆ ಈ ಕಥೆ ದೂರದ್ದಲ್ಲ. ಸೋಲಾಪುರ, ಅಕ್ಕಲಕೋಟೆ, ಜತ್ತದ ಹುಡುಗ ಕುಸ್ತಿ ಗೆದ್ದರೂ ಕಬಡ್ಡಿ ಗೆದ್ದರೂ ಬೆಂಗಳೂರಿನವರಿಗೆ ಅವನು ಮಹಾರಾಷ್ಟ್ರದವ, ಮುಂಬೈ-ಪುಣೆಯವರಿಗೆ ಕಾನಡಿ. ಎರಡೂ ಕಡೆ ಪಟ್ಟಿ ಮಾಡುವಾಗ ‘ಅವ ನಮ್ಮವ ಅಲ್ರಿ, ಆ ಕಡೆಯವ’ ಅಂತ ಕೈಬಿಡೋದು ಸುಲಭ. ಕಾಸರಗೋಡು, ಹೊಸೂರು, ಆದೋನಿ ಕಡೆಯೂ ಇದೇ ಪಾಡು.

ಯಾರೋ ಬಂದು ನಮ್ಮವರನ್ನು ಗುರುತಿಸಲಿ ಅಂತ ಕಾಯುತ್ತ ಕೂತರೆ ಡಾ. ಆವೊ, ಶಿವಾಜಿ ಬ್ಯಾನರ್ಜಿ ಅವರಿಗೆ ಆದದ್ದೇ ಆಗೋದು: ಹಾರ ಬರುತ್ತದೆ, ಹಾಕಿಸಿಕೊಳ್ಳಲು ಕೊರಳಿರೋದಿಲ್ಲ. ಊರಿನ ತಾಲೀಮು, ಯುವಕ ಮಂಡಳ, ಶಾಲೆ ಇಷ್ಟಾದರೂ ಮಾಡಬಹುದು. ಒಂದು ರಿಜಿಸ್ಟರ್ ಇಟ್ಟು, ಯಾವ ವರ್ಷ, ಯಾವ ಪಂದ್ಯ, ತಂಡದಲ್ಲಿ ಯಾರ್ಯಾರು ಎಂಬುದನ್ನು ಇದ್ದ ಹಿರಿಯರ ಬಾಯಿಂದ ಕೇಳಿ ಬರೆಯುವುದು. ಹಳೇ ಫೋಟೊದ ಹಿಂದೆ ಪೆನ್ಸಿಲ್ಲಿನಿಂದ ಹೆಸರು ಬರೆದಿಡುವುದು. ಗೆದ್ದವನ ಜೊತೆ ಮೈದಾನ ಗುಡಿಸಿದವನ, ಟೆಂಪೊ ಬಾಡಿಗೆ ಕೊಟ್ಟವನ ಹೆಸರನ್ನೂ ಬೇರೆ ಪುಟದಲ್ಲಿ ಸೇರಿಸುವುದು. ಆ ಪಟ್ಟಿಯಲ್ಲಿ ಕನ್ನಡದವ, ಮರಾಠಿಯವ, ಉರ್ದುವಿನವ ಅಂತ ಕಾಲಂ ಹಾಕುವ ಅಗತ್ಯವಿಲ್ಲ. ಅಂಥ ಕಾಲಂ ಹಾಕಿದ್ದರೆ ಈಸ್ಟ್ ಬೆಂಗಾಲ್‌ಗೆ ಪಾಂಡವರೇ ಸಿಗುತ್ತಿರಲಿಲ್ಲ.