ಮನಸ್ಸು ಕೂಡಿದರೆ ಮಾತು ನಾಟೀತು

ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದೇ ಜಗಳ. 'ಸೈನ್ಸ್ ತಗೋ' ಎನ್ನುವ ಅಪ್ಪ, 'ನನಗೆ ಆರ್ಟ್ಸೇ ಬೇಕು' ಎನ್ನುವ ಮಗಳು. ಇಬ್ಬರ ಬಳಿಯೂ ಕಾರಣಗಳಿವೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ನಾಟುವುದಿಲ್ಲ. ಮನಸ್ಸು ಹತ್ತಿರವಾಗುವ ಮೊದಲೇ ವಾದ ಶುರುವಾಗುವುದೇ ಇದಕ್ಕೆ ಕಾರಣ.

ಮನವೊಲಿಸುವ ವಿದ್ಯೆಗೆ ತುಮಕೂರು ಸೀಮೆಯಲ್ಲೇ ಗುರುಗಳಿದ್ದಾರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಹಾಸ್ಯನಟರು. 'ಸದಾರಮೆ'ಯ ಕಳ್ಳನಾಗಿ ಜನಮನ ಕದ್ದವರು. ಹಾಸ್ಯನಟ ಸಭೆ ನಕ್ಕು ಮುಗಿಸುವ ತನಕ ಕಾಯಬೇಕು. ನಗೆಯ ಮೇಲೆ ಮಾತು ಹೇರಿದರೆ ಎರಡೂ ಕೆಟ್ಟವು. ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವ ನಮಗೆ ಇದು ಮೊದಲ ಪಾಠ. ಕಂಪನಿಯಲ್ಲಿದ್ದ ಬಿ. ವಿ. ಕಾರಂತರ ಒಲವನ್ನು ಗುರುತಿಸಿ, ಹೆಚ್ಚಿನ ಓದಿಗೆ ಬನಾರಸ್‌ಗೆ ಕಳಿಸಿದವರೂ ವೀರಣ್ಣನವರೇ. ಹಿರಿಯರಿಗೆ ಅದೂ ಒಂದು ಪಾಠ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ (1907-2019) ಮಕ್ಕಳ ಅನ್ನ-ಅಕ್ಷರಕ್ಕಾಗಿ ಹಳ್ಳಿಹಳ್ಳಿ ಸುತ್ತಿದರು. ಜಾತಿ ಕೇಳದೆ ಸಾವಿರಾರು ಮಕ್ಕಳನ್ನು ಮಠದಲ್ಲಿ ಸಾಕಿದ್ದನ್ನು ಜನ ಕಣ್ಣಾರೆ ಕಂಡಿದ್ದರು. ನಡೆಯೇ ಮಾತಾಡುವಾಗ ಬಾಯಿಮಾತು ಹೆಚ್ಚು ಬೇಕಾಗದು.

ಇನ್ನು ಕುಣಿಗಲ್, ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಊರು. ಕುದುರೆ ಬಲ್ಲವರು ಸದ್ದಿಲ್ಲದೆ ಅದರ ಹಿಂದಿನಿಂದ ಹೋಗುವುದಿಲ್ಲ. ಕಣ್ಣಿಗೆ ಕಾಣುವಂತೆ, ಮೆಲ್ಲಗೆ ಮಾತಾಡಿಸುತ್ತ, ಭುಜದ ಕಡೆಯಿಂದ ಸಮೀಪಿಸುತ್ತಾರೆ. ಬೆದರಿದ ಕುದುರೆ ಹೇಳಿದ ಮಾತು ಕೇಳದು. ಬೆದರಿದ ಮನಸ್ಸೂ ಅಷ್ಟೆ.

ವಿದ್ಯಾರ್ಥಿಗಳೇ, ಅಪ್ಪ ದಣಿದು ಬಂದ ಹೊತ್ತಿನಲ್ಲಿ ವಿಷಯ ಎತ್ತಬೇಡಿ. ತೋಟಕ್ಕೋ ಸಂತೆಗೋ ಜೊತೆಯಲ್ಲಿ ನಡೆಯುವಾಗ ಮಾತಾಡಿ. ಮೊದಲು ಅವರ ಭಯವನ್ನು ನೀವೇ ಹೇಳಿ: 'ಮುಂದೆ ಕೆಲಸ ಸಿಗದಿದ್ದರೆ ಅಂತ ತಾನೇ ಅಪ್ಪಾ ನಿಮ್ಮ ಯೋಚನೆ?' ತನ್ನ ಕಷ್ಟ ಅರ್ಥವಾಗಿದೆ ಎಂದು ತಿಳಿದ ಮೇಲೆ ಅವರು ನಿಮ್ಮ ಮಾತಿಗೂ ಕಿವಿಗೊಟ್ಟಾರು. ಆಗ ಯಾವ ಕೋರ್ಸ್, ಎಷ್ಟು ಖರ್ಚು, ಮುಂದೇನು ಎಂಬ ವಿವರ ಕೈಯಲ್ಲಿರಲಿ. ಬರೀ ಹೊಗಳಿಕೆ ಬೇಡ. ಬೇಳೆ ಬೇಯಿಸಿಕೊಳ್ಳುವ ನಯ ಮನೆಯವರಿಗೆ ಬೇಗ ತಿಳಿಯುತ್ತದೆ.

ತಂದೆ-ತಾಯಂದಿರೇ, 'ನಮಗೆ ಗೊತ್ತು ಸುಮ್ಮನಿರು' ಎನ್ನುವ ಬದಲು 'ನಿನಗೆ ಅದರಲ್ಲಿ ಏನು ಹಿಡಿಸಿತು?' ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಮಗಳು ಒಪ್ಪದಿರಬಹುದು, ನೀವೂ ಒಪ್ಪದಿರಬಹುದು. ಆದರೆ ನಾಳೆ ತೊಂದರೆಯಾದಾಗ ಅವಳು ಮೊದಲು ಬಂದು ಹೇಳುವುದು ಇಂದು ಕೇಳಿಸಿಕೊಂಡವರ ಬಳಿಯೇ.