ಸೀನು ನಿಲ್ಲಲಿ, ಎಚ್ಚರ ಉಳಿಯಲಿ

ಮಾಗಿಯ ದಿನಗಳಲ್ಲಿ ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಹುಮನಾಬಾದಿನತ್ತ ಹೊರಟವರಿಗೆ ತೊಗರಿಯ ಹೊಲಗಳೇ ಜೊತೆ. ರಾಶಿ ಮಾಡುವಾಗ ಏಳುವ ಹೊಟ್ಟು, ನಗರದ ದಾಲ್ ಮಿಲ್ಲುಗಳಲ್ಲಿ ಬೇಳೆ ಒಡೆಯುವಾಗ ಹಾರುವ ಧೂಳು, ಮಳೆ ಬಿದ್ದ ಮೇಲೆ ಬೀಳುನೆಲವನ್ನೆಲ್ಲ ಆಕ್ರಮಿಸುವ ಕಾಂಗ್ರೆಸ್ ಹುಲ್ಲಿನ ಪರಾಗ, ಇವು ಎಲ್ಲರ ಮೂಗನ್ನೂ ಹೊಗುತ್ತವೆ. ಕೆಲವರ ಮೂಗು ಮಾತ್ರ ದಂಗೆಯೇಳುತ್ತದೆ. ಇದೇ ಅಲರ್ಜಿ.

ನಿರುಪದ್ರವಿಯಾದ ಕಣವೊಂದನ್ನು ಶತ್ರುವೆಂದು ಭ್ರಮಿಸಿದ ಶರೀರ ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಹೊರಚೆಲ್ಲುತ್ತದೆ. ಅದು ತನಗಾಗಿಯೇ ಇರುವ ಗ್ರಾಹಕಗಳನ್ನು ಸೇರಿದೊಡನೆ ಸೀನು, ತುರಿಕೆ, ಕಣ್ಣೀರು. ಆ ಸ್ಥಾನವನ್ನು ಮುಂಚಿತವಾಗಿಯೇ ಹಿಡಿದು ಕೂರಬಲ್ಲ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸ್ಸಿನಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟೌಬ್ ಕಂಡುಹಿಡಿದರು. ಬೊವೆಗೆ 1957ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಆ ಪರಂಪರೆಯ ಹಳೆಯ ಗುಳಿಗೆಗಳಲ್ಲಿ ಕ್ಲೋರ್‌ಫೆನಿರಮಿನ್ ನಮಗೆಲ್ಲ ಪರಿಚಿತ. ನೆಗಡಿಯ ಎಷ್ಟೋ ಔಷಧಿಗಳಲ್ಲಿ ಅದು ಇಂದಿಗೂ ಸೇರಿರುತ್ತದೆ. “ನಿದ್ದಿ ಬಂತಂದ್ರ ಗುಳಿಗಿ ಕೆಲಸ ಮಾಡ್ಲಿಕತ್ತದ” ಎಂದು ನಮ್ಮ ಕಡೆ ಸಮಾಧಾನಪಟ್ಟುಕೊಳ್ಳುವವರುಂಟು. ಈ ನಂಬಿಕೆ ಅಪಾಯಕರ. ಮಿದುಳಿನಲ್ಲಿ ಹಿಸ್ಟಮೀನಿನ ಕೆಲಸವೇ ಬೇರೆ. ಅಲ್ಲಿ ಅದು ನಮ್ಮನ್ನು ಎಚ್ಚರವಾಗಿಡುತ್ತದೆ. ಹಳೆಯ ಗುಳಿಗೆ ಮಿದುಳಿಗೂ ನುಗ್ಗಿ ಆ ಕಾವಲುಗಾರನನ್ನೇ ಮಲಗಿಸಿಬಿಡುತ್ತದೆ. ಮೂಗಿನ ಉಪಶಮನಕ್ಕೂ ಈ ನಿದ್ರೆಗೂ ಸಂಬಂಧವಿಲ್ಲ. ರಾತ್ರಿ ನುಂಗಿದ್ದರ ಮಂಕು ಮರುದಿನ ಮುಂಜಾನೆಯವರೆಗೂ ಉಳಿಯಬಹುದು. ತೂಕಡಿಕೆಯ ಅರಿವೇ ಇಲ್ಲದವನ ಕೈಕಾಲುಗಳೂ ನಿಧಾನಗೊಂಡಿರುತ್ತವೆ. ಲಾರಿಯ ಚಾಲಕನಿಗೆ, ಮಿಲ್ಲಿನ ಯಂತ್ರದ ಪಟ್ಟಿಯ ಬಳಿ ನಿಂತವನಿಗೆ ಇದು ಪ್ರಾಣದ ಪ್ರಶ್ನೆ.

ಮಿದುಳಿನ ಹೊಸ್ತಿಲನ್ನು ಅಷ್ಟಾಗಿ ದಾಟದ ಔಷಧಿಗಳು ಬಂದದ್ದು ಅನಂತರ. ಅವುಗಳಲ್ಲಿ ಮುಂಚೂಣಿಯಲ್ಲಿದ್ದ ಟರ್ಫೆನಡೀನ್ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು ಮನೆಮಾತಾಯಿತು. ಆದರೆ ಎರಿತ್ರೊಮೈಸಿನ್‌ನಂಥ ಕೆಲವು ಔಷಧಿಗಳೊಡನೆ ಸೇವಿಸಿದಾಗ ಅದು ರಕ್ತದಲ್ಲಿ ಶೇಖರವಾಗಿ ಹೃದಯದ ಲಯವನ್ನೇ ಕೆಡಿಸುತ್ತಿತ್ತು. 1998ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ವಿಚಿತ್ರವೆಂದರೆ, ಪರಿಹಾರ ದೊರೆತದ್ದೂ ಅದರ ಒಡಲಿನಲ್ಲಿಯೇ! ಟರ್ಫೆನಡೀನನ್ನು ನಮ್ಮ ದೇಹ ಫೆಕ್ಸೊಫೆನಡೀನ್ ಆಗಿ ಮಾರ್ಪಡಿಸುತ್ತದೆ; ಸೀನು ತಡೆಯುತ್ತಿದ್ದುದು ವಾಸ್ತವವಾಗಿ ಅದೇ. ಹೃದಯಕ್ಕೆ ಆ ಕಂಟಕವಿಲ್ಲದ ಈ ಔಷಧಿ ಈಗ ನಮ್ಮ ಅಂಗಡಿಗಳಲ್ಲಿಯೂ ಉಂಟು. ಲೊರಾಟಡೀನ್ ಕೂಡ ಸಾಮಾನ್ಯ ಪ್ರಮಾಣದಲ್ಲಿ ನಿದ್ರೆ ತರುವುದು ವಿರಳ.

ಸೆಟಿರಿಜಿನ್ ಬಗ್ಗೆ ಒಂದು ಮಾತು. ಹೊಸಬರ ಸಾಲಿನಲ್ಲಿ ಕುಳಿತಿದ್ದರೂ ಇದು ಕೆಲವರಿಗೆ ಮಂಪರು ತರುತ್ತದೆ. ವಾಹನ ನಡೆಸುವವರು ಅಂಗಡಿಯವನನ್ನಲ್ಲ, ವೈದ್ಯರನ್ನು ಕೇಳಿಯೇ ಗುಳಿಗೆ ಆರಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಸಹ. ಉಸಿರೇ ಕಟ್ಟಿದಾಗ, ನಾಲಗೆ ಬಾತಾಗ ಯಾವ ಗುಳಿಗೆಯನ್ನೂ ನೆಚ್ಚದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಫೆಕ್ಸೊಫೆನಡೀನ್ ನುಂಗಲು ನೀರೇ ಸಾಕು. ಕಿತ್ತಳೆ, ಸೇಬಿನ ರಸದೊಡನೆ ನುಂಗಿದರೆ ಅದು ರಕ್ತಕ್ಕೆ ಸೇರುವ ಪ್ರಮಾಣವೇ ಕುಗ್ಗುತ್ತದೆ.