ಜೇಬಿಗಿಳಿಯುವ ಕ್ಯಾಮೆರಾ ಆಟಿಕೆಯಲ್ಲ

ಮದುವೆಮನೆಗೆ ಬಂದ ಫೋಟೊಗ್ರಾಫರ್ ಕೈಯಲ್ಲಿ ದಪ್ಪ ಲೆನ್ಸ್ ಕಾಣದಿದ್ದರೆ ನಮಗೆ ಸಮಾಧಾನವಿಲ್ಲ. ದೊಡ್ಡ ಕ್ಯಾಮೆರಾ ಹಿಡಿದವರೇ ವೃತ್ತಿಪರರು, ಕಾಂಪ್ಯಾಕ್ಟ್ ಏನಿದ್ದರೂ ಪ್ರವಾಸಿಗರಿಗೆ ಎಂಬ ನಂಬಿಕೆ ಅಷ್ಟು ಗಟ್ಟಿ.

ಈ ನಂಬಿಕೆ ಸುಳ್ಳೆಂದು 2003ರಲ್ಲೇ ಗೊತ್ತಾಗಿತ್ತು. ಮ್ಯಾಗ್ನಂ ಎಂಬ ಛಾಯಾಗ್ರಾಹಕರ ಬಳಗದ, ಇಟಲಿಯ ಅಲೆಕ್ಸ್ ಮಜೋಲಿ ಇರಾಕ್, ಕಾಂಗೊಗಳಲ್ಲಿ ಕೆಲಸ ಮಾಡಿದ್ದು ಒಲಿಂಪಸ್ ಸಿ-5050ರಂಥ ಪುಟ್ಟ ಕ್ಯಾಮೆರಾಗಳಲ್ಲಿ. ಅದರ ಸಾಮರ್ಥ್ಯ ಬರೀ 5 ಮೆಗಾಪಿಕ್ಸೆಲ್! ಸಣ್ಣ ಕ್ಯಾಮೆರಾ ಎದುರಿಗಿರುವವರನ್ನು ಹೆದರಿಸುವುದಿಲ್ಲ. ಬೆಳಕು ಹಿಡಿಯುವ ಅದರ ಸಣ್ಣ ಸೆನ್ಸರ್‌ನಲ್ಲಿ ಹತ್ತಿರದ ಮುಖವೂ ಹಿಂದಿನ ಬೀದಿಯೂ ಒಟ್ಟಿಗೇ ಸ್ಪಷ್ಟವಾಗಿ ಮೂಡುತ್ತವೆ. ಸುದ್ದಿಚಿತ್ರಕ್ಕೆ ಇದು ಕೊರತೆಯಲ್ಲ, ಅನುಕೂಲ.

ಇನ್ನೊಂದು ನಂಬಿಕೆ, ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಚಿತ್ರ ಚೆನ್ನ ಎಂಬುದು. ಅಂಗಡಿಯವರಿಗೆ ಹೇಳಲು ಸುಲಭ, ನಮಗೆ ನಂಬಲು ಸುಲಭ. ಆದರೆ ಕ್ಯಾನನ್ ಕಂಪನಿಯೇ 2008ರ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಕೊಟ್ಟು, ಮರುವರ್ಷದ ಜಿ11ರಲ್ಲಿ ಅದನ್ನು 10ಕ್ಕೆ ಇಳಿಸಿತು. ಅಷ್ಟೇ ಅಗಲದ ಸೆನ್ಸರ್‌ನಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ತುರುಕಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಮಬ್ಬುಗತ್ತಲಲ್ಲಿ ಚಿತ್ರದ ತುಂಬ ಕಾಳುಕಾಳು.

‘ಫೋನ್ ಇರುವಾಗ ಇದೇಕೆ?’ ಅಗ್ಗದ ಕಾಂಪ್ಯಾಕ್ಟ್‌ಗಳ ಮಟ್ಟಿಗೆ ಈ ಪ್ರಶ್ನೆ ಸರಿಯೇ. ಅವುಗಳ ಕಾಲ ಮುಗಿಯಿತು. ಒಳ್ಳೆಯವುಗಳ ಲೆಕ್ಕ ಬೇರೆ. ಸಾಮಾನ್ಯ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 6.2×4.6 ಮಿ.ಮೀ. ಇದ್ದರೆ, 2012ರ ಸೋನಿ ಆರ್‌ಎಕ್ಸ್100ರದ್ದು 13.2×8.8 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. 2019ರ ರಿಕೊ ಜಿಆರ್ 3ರಲ್ಲಿರುವುದು ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಗಾತ್ರದ ಸೆನ್ಸರ್. ಬ್ಯಾಟರಿ, ಕಾರ್ಡ್ ಸೇರಿಯೂ ಕ್ಯಾಮೆರಾದ ತೂಕ ಸುಮಾರು 257 ಗ್ರಾಂ. ಈಚಿನ ಕೆಲವು ದುಬಾರಿ ಫೋನ್‌ಗಳು ಆರ್‌ಎಕ್ಸ್100ರ ಸೆನ್ಸರ್ ಗಾತ್ರ ಮುಟ್ಟಿವೆ, ಒಪ್ಪೋಣ. ಎಪಿಎಸ್-ಸಿಗೆ ಅವು ಇನ್ನೂ ದೂರ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಲಾಭವೂ ಇದೆ. ಫ್ಯೂಜಿಫಿಲ್ಮ್ ಎಕ್ಸ್100, ಜಿಆರ್‌ನಂಥವುಗಳಲ್ಲಿ ಶಟರ್ ಇರುವುದು ಲೆನ್ಸ್‌ನ ಒಳಗೇ. ಅದರ ಸದ್ದು ಕೇಳಿಸುವುದೇ ಕಷ್ಟ. ದೊಡ್ಡ ಕ್ಯಾಮೆರಾಗಳ ಶಟರ್ ಸಾಮಾನ್ಯವಾಗಿ ಸೆಕೆಂಡಿನ 1/200 ಅಥವಾ 1/250ರ ಆಚೆ ಮಾಮೂಲಿ ಫ್ಲ್ಯಾಶ್‌ಗೆ ಹೊಂದಿಕೊಳ್ಳದು. ಇವು ಅದಕ್ಕಿಂತ ಎಷ್ಟೋ ವೇಗದಲ್ಲೂ ಹೊಂದಿಕೊಳ್ಳುತ್ತವೆ. ಹಾಗಾಗಿ ಉರಿಬಿಸಿಲಲ್ಲಿ ಮುಖದ ನೆರಳು ತುಂಬಲು ಪುಟ್ಟ ಫ್ಲ್ಯಾಶ್ ಸಾಕು.

ಹಾಗೆಂದು ಜಿಆರ್ ಹಿಡಿದು ರಂಗನತಿಟ್ಟಿಗೆ ಹಕ್ಕಿ ಹಿಡಿಯಲು ಹೋಗಬೇಡಿ. ಅದರಲ್ಲಿ ಜೂಮೇ ಇಲ್ಲ. ಕ್ರಿಕೆಟ್ ಪಂದ್ಯಕ್ಕೂ ಅದು ಒಗ್ಗದು. ಆದರೆ ಬೀದಿ, ಸಂತೆ, ಜಾತ್ರೆ, ಪ್ರಯಾಣಗಳಿಗೆ ದೊಡ್ಡ ಕ್ಯಾಮೆರಾಕ್ಕಿಂತ ಅದೇ ಮೇಲು.

ಕೊಳ್ಳುವವರು ಡಬ್ಬಿಯ ಮೇಲಿನ ಜೂಮ್, ಮೆಗಾಪಿಕ್ಸೆಲ್ ಅಂಕಿಗಳನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿ: ಸೆನ್ಸರ್ ಎಷ್ಟು ದೊಡ್ಡದು, ರಾ (ಕ್ಯಾಮೆರಾ ಸಂಸ್ಕರಿಸದ) ಕಡತ ಸಿಗುತ್ತದೆಯೇ, ಅಪರ್ಚರ್–ಶಟರ್ ನಮ್ಮ ಹಿಡಿತದಲ್ಲಿವೆಯೇ?